ಎದುರು ಪಕ್ಷಕ್ಕೆ ಬರೆದ ಹಾಳೆ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮತ್ತು ನನ್ನ ಗೆಳೆಯ ಮೂರು ವರ್ಷ ಜೋಡಿಯಾಗಿದ್ದೆವು. ನಮ್ಮದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ನಮ್ಮ ವಾದ ಬರೆಯುವ ಮೊದಲು ಎದುರು ಪಕ್ಷದ ವಾದವನ್ನು ಬರೆಯಬೇಕು. ಅದೂ ಕಾಟಾಚಾರಕ್ಕಲ್ಲ, ಓದಿದವರು ಆ ಕಡೆಗೇ ವಾಲುವ ಹಾಗೆ. ನಾನು ಬರೆದದ್ದನ್ನು ಅವನು ಚಿಂದಿ ಮಾಡಬೇಕು, ಅವನದನ್ನು ನಾನು. ಆ ಹಾಳೆಗಳು ನಮ್ಮಿಬ್ಬರ ನಡುವೆಯೇ ಉಳಿಯಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕು ಅನ್ನಿಸಿರಲೂ ಇಲ್ಲ.

ಓದು ಮುಗಿದ ಮೇಲೂ ಭಾನುವಾರ ಯಲಹಂಕದಲ್ಲಿ ಇಡ್ಲಿ ತಿಂದು ಬೈಕಿನಲ್ಲಿ ಬೆಟ್ಟದ ಕಡೆ ಹೋಗುವ ರೂಢಿ ಉಳಿಯಿತು. ಒಂದೂವರೆ ಗಂಟೆ ದೂರದಲ್ಲಿ ಒಂದು ಜಲಪಾತ. ಮಳೆಗಾಲ ಬಂತೆಂದರೆ ಹೆಬ್ಬಾಳದ ಫ್ಲೈಓವರಿನಲ್ಲಿ ಕಿಕ್ಕಿರಿಯುವ ಜನವೆಲ್ಲ ಅಲ್ಲೇ. ಎಲ್ಲರೂ ಇಳಿಯುವುದು ಹಳ್ಳದ ಪಾಚಿಗಟ್ಟಿದ ಬಂಡೆಗಳ ಮೇಲೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ನಮ್ಮ ಕಣ್ಣೆದುರೇ ಜಾರಿ ಕಾಲು ಮುರಿದುಕೊಂಡಳು. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬರು ತಮ್ಮ ಕಂಬಳಿ ಕೊಟ್ಟರು. ಅದರಲ್ಲೇ ಅವಳನ್ನು ಮೇಲಕ್ಕೆ ಹೊತ್ತು ತಂದೆವು. ಸುರಕ್ಷಿತವಾದ ಬೇರೆ ದಾರಿಯ ಯೋಜನೆ ಬರೆದು ಅರಣ್ಯದ ಅಧಿಕಾರಿಗೆ ಕೊಡಬೇಕೆಂದು ಅವತ್ತೇ ತೀರ್ಮಾನಿಸಿದೆವು.

ಆ ದಾರಿ ತೋರಿಸಿದವರೂ ಕಂಬಳಿಯ ಅಮ್ಮನೇ. ಬೆಟ್ಟದ ಬೆನ್ನಿನ ಮೇಲೆ ಮೇಕೆಗಳು ಸವೆಸಿದ ಕಾಲುದಾರಿ ಅದು. ನೆಲ ಗಟ್ಟಿ, ಇಳಿಜಾರು ಕಡಿಮೆ. ಅರ್ಧ ದಾರಿಯಲ್ಲಿ ಅವರು ನಿಂತು ಪಕ್ಕದ ಪೊದೆಗಳನ್ನು ಸರಿಸಿದರು. ಹಿಂದೆ ಬಂಡೆಯ ಗುಂಡಿಯಲ್ಲಿ ಕನ್ನಡಿಯಂಥ ನೀರು.

"ಈ ದೊಣೆ ತಾವ್ಕೆ ಮಾತ್ರ ಯಾರೂ ಬರಬಾರ್ದು ಕಣವ್ವ. ಬ್ಯಾಸ್ಗೇಲಿ ನಮ್ ಮೇಕೆ ಇದನ್ನೇ ನಂಬ್ಕೊಂಡವೆ. ಪ್ಯಾಟೆ ಜನ ಬಂದ್ರೆ ಸೋಪು ಆಕ್ಕೊಂಡು ನೀರಿಗಿಳೀತಾರೆ."

"ಬರಲ್ಲಮ್ಮ. ನಾನ್ ಮಾತು ಕೊಡ್ತೀನಿ."

ಗೆಳೆಯ ನಕ್ಕ. "ಇವ್ಳು ಮಾತು ಆಡೋಳು ಕಣಮ್ಮ, ಕೊಡ್ತಿರೋದು ಇದೇ ಮೊದ್ಲು!"

ನಮ್ಮ ಯೋಜನೆಯಲ್ಲಿ ಸಿಮೆಂಟಿರಲಿಲ್ಲ. ಅಲ್ಲಿಯ ಕಲ್ಲಿನದೇ ಮೆಟ್ಟಿಲು, ಮಳೆನೀರು ದಾರಿಯನ್ನು ಕೊಚ್ಚದಂತೆ ಅಡ್ಡ ಕಾಲುವೆಗಳು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ. ದಾರಿ ದೊಣೆಗೆ ಬೆನ್ನು ಹಾಕಿ ತಿರುಗುತ್ತಿತ್ತು. ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ.

ಆಮೇಲೆ ಪದ್ಧತಿಯ ಪ್ರಕಾರ ಎದುರು ಪಕ್ಷದ ಹಾಳೆ ಬರೆದೆ. ಜನರ ಮೇಲೆ ಮಿತಿ ಯಾಕೆ? ದೊಣೆಯನ್ನೂ ತೆರೆಯಿರಿ. ಜನ ಎರಡು ಕಡೆ ಹಂಚಿಹೋಗುತ್ತಾರೆ, ಜಲಪಾತದ ಬುಡದಲ್ಲಿ ನೂಕುನುಗ್ಗಲು ತಗ್ಗುತ್ತದೆ, ಅಪಾಯವೂ ತಗ್ಗುತ್ತದೆ. ಮೇಕೆಗಳ ನೀರಿಗೆ ಊರಲ್ಲೊಂದು ತೊಟ್ಟಿ ಕಟ್ಟಿಸಿದರಾಯಿತು. ಚೆನ್ನಾಗಿ ಬಂದಿತ್ತು. ಒಂದು ತೂತೂ ಬಿಟ್ಟಿರಲಿಲ್ಲ. 'ಇದನ್ನ ಒಡೆದು ತೋರಿಸು ನೋಡೋಣ' ಎಂದು ಅವನಿಗೆ ಕಳಿಸಿದೆ. ಅವನು ಫೋನಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ, ಅಷ್ಟೇ.

ದಾರಿಯ ಬಗ್ಗೆ ಅರಣ್ಯದ ಅಧಿಕಾರಿ ಕರೆದ ಸಭೆ ಸಂಜಯನಗರದ ಒಂದು ಹಾಲ್‌ನಲ್ಲಿ. ನನ್ನ ಪಕ್ಕದ ಕುರ್ಚಿಗೆ ಬ್ಯಾಗಿಟ್ಟು ಕಾದೆ. ಅವನು ಬಂದು ಎದುರು ಸಾಲಿನಲ್ಲಿ, ಟ್ರೆಕ್ಕಿಂಗ್ ಕಂಪನಿಯೊಂದರವರ ಜೊತೆ, ಅವರದೇ ಟೀ ಶರ್ಟಿನಲ್ಲಿ ಕುಳಿತ. ನಾನು ನಮ್ಮ ಯೋಜನೆ ಓದಿದೆ. ನಂತರ ಅವನೆದ್ದು ನನ್ನ ಹಾಳೆ ಓದಿದ. ನಾನು ಅಲ್ಪವಿರಾಮ ಹಾಕಿದಲ್ಲೆಲ್ಲ ಅವನು ಉಸಿರು ತೆಗೆದುಕೊಳ್ಳುತ್ತಿದ್ದ.

"ಸಾರ್, ಅದನ್ನ ಬರೆದಿದ್ದು ನಾನು!" ಎಂದೆ.

ಅಧಿಕಾರಿ ಕನ್ನಡಕ ತೆಗೆದರು. "ನಾನೇ ಬರೆದಿದ್ದು ಅಂತೀರಿ, ಈಗ ನೀವೇ ಬೇಡ ಅಂತೀರಿ. ಯಾವುದನ್ನಮ್ಮಾ ನಂಬ್ಲಿ?"

ಹಾಲ್ ನಕ್ಕಿತು. ಒಬ್ಬ ಹೆಂಗಸಿಗೆ ಮಾತು ಕೊಟ್ಟಿದ್ದೇನೆ ಎಂದೆ. ಸ್ಪರ್ಧೆಯಲ್ಲಿ ಯಾರಾದರೂ ಇಂಥದ್ದನ್ನು ಹೇಳಿದರೆ 'ಇದು ವಾದವಲ್ಲ, ಭಾವುಕತೆ' ಎಂದು ಹೊಸಕಿ ಹಾಕುತ್ತಿದ್ದವಳೇ ನಾನು. ಅವನಿಗೆ ಅಷ್ಟೂ ಬೇಕಾಗಲಿಲ್ಲ. "ತೊಟ್ಟಿ ಕಟ್ಟಿಸ್ತೀವಲ್ಲ ಸಾರ್," ಎಂದ. ದೊಣೆ ನಕ್ಷೆಯೊಳಕ್ಕೆ ಬಂತು.

ಹೊರಗೆ ಟೀ ಅಂಗಡಿಯ ಮುಂದೆ ಅವನನ್ನು ಹಿಡಿದೆ. "ಮಾರ್ಬಿಟ್ಯಲ್ಲೋ."

"ಏನ್ ಮಾರ್ದೆ ಗುರು? ನಿನ್ ಪಾಯಿಂಟೇ ಪಾಸಾಯ್ತು. ಪಾರ್ಟಿ ಕೊಡು."

"ಅದು ನಮ್ ಪಕ್ಷ ಅಲ್ಲ ಅಂತ ನಿಂಗೊತ್ತಿತ್ತು."

"ಪಕ್ಷ ಯಾವತ್ತಿತ್ತೇ ನಮ್ಗೆ? ನಾಣ್ಯ ಯಾವ್ ಕಡೆ ಬಿತ್ತೋ ಆ ಕಡೆ ಮಾತಾಡ್ದೋರು ಕಣೇ ನಾವು."

ಇದಕ್ಕೆ ಉತ್ತರವಿದೆ. ಈಗಲೂ ಬಸ್ಸಿನಲ್ಲಿ ನಿಂತಾಗ ಹೊಸ ಹೊಸದು ಹೊಳೆಯುತ್ತದೆ. ಅವತ್ತು ಅವನ ಟೀಯ ದುಡ್ಡನ್ನೂ ನಾನೇ ಕೊಟ್ಟು ಬಂದೆ.

ಎರಡು ವಾರ ಬಿಟ್ಟು ಒಬ್ಬಳೇ ಬೆಟ್ಟಕ್ಕೆ ಹೋದೆ. ದೊಣೆಯವರೆಗೂ ಕೆಂಪು ಬಣ್ಣದ ಗೂಟ ಹೊಡೆದಿದ್ದರು. ಅಮ್ಮ ಒಂದು ಗೂಟದ ಪಕ್ಕ ಕೂತಿದ್ದರು.

"ಇಲ್ಲಿ ನೀರೈತೆ ಅಂತ ಅವ್ರಿಗೆ ಎಂಗ್ ಗೊತ್ತಾಯ್ತವ್ವ?"

"ನಾನೇ ಬರೆದಿದ್ದೆ."

"ಯಾಕೆ?"

"ಅಭ್ಯಾಸಕ್ಕೆ. ಎದುರಿನವ್ರು ಏನ್ ಹೇಳ್ಬೋದು ಅಂತ ಮೊದ್ಲೇ ಬರ್ಕೊಳ್ತೀವಿ. ಅವನೊಬ್ಬನಿಗೇ ತೋರ್ಸಿದ್ದು. ಅವ್ನು ಮೋಸ ಮಾಡ್ದ."

"ಅವನೇನು ನಂಗೆ ಮಾತು ಕೊಟ್ಟಿರ್ನಿಲ್ವಲ್ಲ," ಎಂದರು. ಬೈಗುಳದ ದನಿಯಲ್ಲಲ್ಲ.

ಆಕ್ಷೇಪಣೆಯ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಮೇಕೆಗಳು ಎದ್ದು ಗುಂಪು ಕಟ್ಟಿದವು.

"ಇನ್ಮೇಲೆ ನೀರಿಗೆ ಎಲ್ಲಿಗೆ ಹೊಡ್ಕೊಂಡು ಹೋಗ್ತೀರಮ್ಮ?"

ಅವರು ನನ್ನ ಮುಖ ನೋಡಿದರು. "ಬಸ್ಸಿಗೆ ಒತ್ತಾಯ್ತು. ನೀನ್ ಮುಂದಕ್ಕೋಗವ್ವ."

ಹೊರಟೆ. ಇಳಿಜಾರಿನ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವರು ಕೋಲು ಅಡ್ಡ ಹಿಡಿದು ಮೇಕೆಗಳನ್ನು ತಡೆದು ನಿಂತಿದ್ದರು, ನಾನು ಮರೆಯಾಗುವುದನ್ನೇ ಕಾಯುತ್ತ.