ದನದ ಡಬ್ಬಿಗೆ ಬಳಿದ ಸುಣ್ಣ

ಹಸಿ ಸುಣ್ಣದ ವಾಸನೆ ಎಲ್ಲಿ ಬಂದರೂ ನನಗೆ ಗಂಗತ್ತೆ ನೆನಪಾಗುತ್ತಾಳೆ. ಅದರ ಬೆನ್ನಿಗೇ ಗಂಜಲದ ವಾಸನೆ ಮೂಗಿಗೆ ಅಡರುತ್ತದೆ. ಜಹೀರಾಬಾದಿನ ನಮ್ಮ ಮನೆ ಈಗಿಲ್ಲ. ಅಲ್ಲಿ ಗಾಜಿನ ಮೋರೆಯ ಅಂಗಡಿಗಳು ಎದ್ದಿವೆ. ಮನೆ ಹೋದರೂ ಆ ಹೇಸಿಕೆ ಹೋಗಲಿಲ್ಲ.

ಗಂಗತ್ತೆ ಅಪ್ಪನ ತಂಗಿ. ಐರ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದಳು. ಅಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕನೊಬ್ಬ ತನ್ನೂರಿನ ರೈಲು ಸ್ಟೇಷನ್ನನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟುತ್ತಿದ್ದ. ನಿಜವಾದ ಸ್ಟೇಷನ್ ಮುಚ್ಚಿ, ಹಳಿ ಕಿತ್ತು ಎಷ್ಟೋ ಕಾಲವಾಗಿತ್ತಂತೆ. ಅವನು ಹುಡುಗನಾಗಿದ್ದಾಗ ದನದ ಸಂತೆಯ ದಿನ ಅಲ್ಲಿಂದ ಹೊರಡುತ್ತಿದ್ದ ಗಾಡಿಯನ್ನು ಮಾಡುವುದೊಂದು ಉಳಿದಿತ್ತು. ಅಷ್ಟರಲ್ಲೇ ತೀರಿಕೊಂಡ. ತಾನು ಮುಗಿಸುತ್ತೇನೆಂದು ಅತ್ತೆ ಅವನಿಗೆ ಮಾತು ಕೊಟ್ಟಿದ್ದಳು. ಕೆಲಸ ಬಿಟ್ಟು ಬರುವಾಗ ಆ ಊರನ್ನೇ ಪೆಟ್ಟಿಗೆಯಲ್ಲಿ ಹೊತ್ತು ತಂದಳು.

ಆ ಗಾಡಿಗೆ ಬೇಕಾದ ರೈಲು ಡಬ್ಬಿಗಳ ಕಿಟ್ ಆರಿಸಲು ಅತ್ತೆ ಮತ್ತು ನಾನು ಕ್ಯಾಟಲಾಗ್ ಹರವಿಕೊಂಡು ಕೂರುತ್ತಿದ್ದೆವು. ನಾನು ಬಣ್ಣಬಣ್ಣದ ಟ್ಯಾಂಕರಿನ ಮೇಲೆ ಬೆರಳಿಟ್ಟರೆ, “ಅದು ಆ ಕಾಲಕ್ಕ ಇನ್ನಾ ಹುಟ್ಟಿದ್ದಿಲ್ಲವ್ವಾ” ಎಂದು ನಗುತ್ತಿದ್ದಳು. ಕೊನೆಗೆ ಆರಿಸಿದ್ದು ಬೂದು ಬಣ್ಣದ ದನದ ಡಬ್ಬಿಗಳನ್ನೇ. ಅವುಗಳ ಛಾವಣಿ ನಡುವೆ ತೆರೆದಿತ್ತು, ಮಳೆ ಬಂದರೆ ಮೇಲೊಂದು ಬಟ್ಟೆ ಎಳೆಯುತ್ತಿದ್ದರಂತೆ. ಪಾರ್ಸಲ್ ಬಂದ ಮೇಲೆ ಪ್ರತ್ಯೇಕ ತೆಲಂಗಾಣದ ಗಲಾಟೆ ಜೋರಾಯಿತು. ಶಾಲೆ ಮುಚ್ಚಿತು, ರೈಲುಗಳು ನಿಂತವು. ನಾವು ಮಾಳಿಗೆ ಕೋಣೆಯಲ್ಲಿ ಘಾಟು ಅಂಟು ಹಚ್ಚುತ್ತ ಕೂತೆವು. ರೋಗ ತಾಗದಿರಲೆಂದು ಅಂಥ ಡಬ್ಬಿಗಳಿಗೆ ಸುಣ್ಣ ಹೊಡೆಯುತ್ತಿದ್ದರೆಂದು ಅತ್ತೆ ಹೇಳಿದಾಗ, ಅತ್ತೆಯ ತಾಯಿ, ನಮ್ಮ ಆಯಿ, ತನ್ನ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಕೊಟ್ಟಳು. ನಾನು ಕಡ್ಡಿಗೆ ಹತ್ತಿ ಸುತ್ತಿ ಬಳಿದೆ. ಅಷ್ಟು ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ.

ಬಂದ್‌ನಿಂದ ದೊಡ್ಡಪ್ಪನ ಬೀಜದ ಅಂಗಡಿಯೂ ಮುಚ್ಚಿತ್ತು. ಮಾಡಲು ಕೆಲಸವಿಲ್ಲದೆ ಒಂದು ದಿನ ಮಾಳಿಗೆ ಹತ್ತಿ ಬಂದು, ಬೆರಳುಗುರಿನಷ್ಟು ದನಗಳನ್ನು ಬಗ್ಗಿ ನೋಡಿದ.

“ಈ ದನಾ ಎಲ್ಲಿಗಿ ಹೊಂಟಾವ ಗಂಗಾ?”

“ಹಡಗಕ್ಕಣ್ಣಾ. ಅಲ್ಲಿಂದ ಸಮುದ್ರದ ಆಚಿ ಕಡಿ, ಕಡ್ಯಾಕ.”

ಬೇರೇನಾದರೂ ಹೇಳಬಹುದಿತ್ತು. ಅತ್ತೆಗೆ ಸುಳ್ಳು ಬರುತ್ತಿರಲಿಲ್ಲ.

“ಥೂ! ಲಿಂಗ ಕಟ್ಕೊಂಡವರ ಮನಿ ಇದು. ಆ ಹೊಲಸ ಹೊರಗ ಒಗಿ. ಆಡ್ಲೇಬೇಕಂದ್ರ ಕಲ್ಲಿದ್ದಲ ಡಬ್ಬಿ ತರ್ಸ್ಕೋ.”

“ಆ ದಿನದ ಗಾಡ್ಯಾಗ ಕಲ್ಲಿದ್ದಲ ಇದ್ದಿಲ್ಲಣ್ಣಾ. ನಾ ಮಾತು ಕೊಟ್ಟೀನಿ.”

ದೊಡ್ಡಪ್ಪ ಕೆಳಗಿಳಿದು ಚೊಂಬಿನಲ್ಲಿ ಗಂಜಲ ತಂದು ಇಡೀ ಮೇಜಿಗೆ ಎರಚಿದ. ಮುದುಕ ವರ್ಷಗಟ್ಟಲೆ ಅಂಟಿಸಿದ್ದ ಹುಲ್ಲು ತೊಯ್ದು, ಕಾಗದದ ಗುಡ್ಡ ಉಬ್ಬಿ ಬಿರಿಯಿತು. ಅತ್ತೆ ಸೆರಗಿನಿಂದ ಒಂದೊಂದೇ ದನವನ್ನು ಒರೆಸುತ್ತ, ತಲೆ ಎತ್ತದೆ ಕೇಳಿದಳು.

“ನಮ್ಮ ರಾಯಿಕೋಡ್ ಹೊಲದ ಎತ್ತು ಹೋದ ವರ್ಷ ಸಂತ್ಯಾಗ ಮಾರಿದ್ಯಲ್ಲ, ಎಡಗೋಡು ಮುರದದ್ದು, ಅದರ ಜೋಡೀದು, ಎರಡೂ ಬಿಳೇವು. ಅವ ಎಲ್ಲಿಗಿ ಹೋದವಣ್ಣಾ?”

ಆ ಮುದಿ ಎತ್ತುಗಳ ಹಗ್ಗ ಕೊಡುವಾಗ ದೊಡ್ಡಪ್ಪ ಕಣ್ಣೊರೆಸಿಕೊಂಡಿದ್ದ. ಲಾರಿ ಎತ್ತ ಹೊರಟಿತೆಂದು ಮಾತ್ರ ಕೇಳಿರಲಿಲ್ಲ. ಈಗಲೂ, “ಅದು ಬ್ಯಾರೆ” ಅಂದ. ಆಮೇಲೆ, “ಈ ಮನ್ಯಾಗ ಈ ಡಬ್ಬಿ ಇರಬೇಕು, ಇಲ್ಲಾ ನೀ ಇರಬೇಕು” ಅಂದ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದ ಅಪ್ಪ, ಅಣ್ಣನ ಹಿಂದೆಯೇ ಮೆಟ್ಟಿಲಿಳಿದು ಹೋದ. ಇಬ್ಬರ ಮೇಲೂ ನನಗೆ ಅವತ್ತು ಹುಟ್ಟಿದ ಅಸಹ್ಯ, ಅವರು ಸತ್ತ ಮೇಲೂ ಆರಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಡಿವಂತರು ಇದ್ದಿರಬಹುದು, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅತ್ತೆ ಪೆಟ್ಟಿಗೆ ಕಟ್ಟಿಕೊಂಡು ತಾಂಡೂರಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು. ನಮ್ಮನ್ನು ಅಲ್ಲಿಗೆ ಕಳಿಸಲಿಲ್ಲ, ಅವಳ ಹೆಸರನ್ನೂ ಎತ್ತಗೊಡಲಿಲ್ಲ. ಹೋದ ವರ್ಷ ಅವಳು ತೀರಿಕೊಂಡ ಸುದ್ದಿ ಬಂದಾಗ ಹೋದವಳು ನಾನೊಬ್ಬಳೇ. ಬಾಡಿಗೆ ಕೋಣೆಯ ಮೇಜಿನ ಮೇಲೆ ಆ ಸ್ಟೇಷನ್ ಹಾಗೇ ಇತ್ತು. ಹುಲ್ಲಿನ ಮೇಲೆ ಗಂಜಲದ ಹಳದಿ ಕಲೆ ಇನ್ನೂ ಉಳಿದಿತ್ತು. ಸಂತೆಯ ಗಾಡಿ ತುಂಬಿ ನಿಂತಿತ್ತು, ಡಬ್ಬಿಗಳ ಮೈಮೇಲೆ ನಾನು ಬಳಿದ ಸುಣ್ಣವಿತ್ತು.

ಕೊನೆಯ ಡಬ್ಬಿಗೆ ಹೊದಿಸಿದ್ದ ಬಟ್ಟೆ ಆಯಿಯ ಸೀರೆಯದು. ಅದನ್ನು ಎತ್ತಿ ಒಳಗೆ ನೋಡಿದೆ. ಆ ದೇಶದ ಕೆಂಪು ದನಗಳ ನಡುವೆ ಮೇಣದಲ್ಲಿ ತಿದ್ದಿದ ಎರಡು ಬಿಳಿ ಎತ್ತುಗಳು ನಿಂತಿದ್ದವು, ಹೆಗಲ ಮೇಲೆ ನಮ್ಮ ಕಡೆಯ ಎತ್ತುಗಳ ಇಣಿ, ಆ ಡುಬ್ಬ, ಎದ್ದಿತ್ತು. ಒಂದಕ್ಕೆ ಎಡಗೋಡು ಇರಲಿಲ್ಲ.