ರೊಟ್ಟಿ ಬಡಿದ ಮೂರು ಸಾವಿರ ಹೆಜ್ಜೆ

ಗೆಳೆಯರೇ, ನವರಂಗಪುರದಲ್ಲಿ ನಾನು ಅಡುಗೆ ಕೆಲಸ ಮಾಡುವ ಮನೆಯ ಹುಡುಗಿ ಅನಘಾ ಇವತ್ತು ತನ್ನ ಹೆಜ್ಜೆ ಎಣಿಸುವ ವಾಚನ್ನು ನನ್ನ ಕೈಗೆ ಕಟ್ಟಿದಳು.

"ಅಕ್ಕಾ, ಪ್ಲೀಸ್. ಸಂಜೆಯೊಳಗ ಮೂರು ಸಾವಿರ ಆಗ್ಲಿಲ್ಲಾಂದ್ರ ಪಪ್ಪಾ ಮೊಬೈಲ್ ಕಸ್ಕೋತಾರ."

ನೆಂಟರಿಗೆಂದು ನಾನು ಮೂವತ್ತು ಜೋಳದ ರೊಟ್ಟಿ ಬಡಿದೆ. ವಾಚು ಪ್ರತಿ ಬಡಿತವನ್ನೂ ಹೆಜ್ಜೆಯೆಂದು ಎಣಿಸಿತು. ಹದಿನೈದರ ಅನಘಾ ಸೋಫಾದಲ್ಲಿ ಮಲಗಿ ರೀಲ್ಸ್ ನೋಡಿದಳು. ಅಪ್ಪ ಬ್ಯಾಂಕಿನಿಂದ ಬರುವಷ್ಟರಲ್ಲಿ ವಾಚು ಅವಳ ಕೈಗೆ ಮರಳಿತ್ತು. ಅದರಲ್ಲಿ ಮೂರು ಸಾವಿರ ಹೆಜ್ಜೆ ನೋಡಿ ಅವರು ಹಿಗ್ಗಿದರು.

"ಮೈ ಹೆಂಗನಸ್ತದ ಈಗ?"

"ಏಕ್‌ದಮ್ ಫಿಟ್, ಪಪ್ಪಾ!"

ಅವಳ ಮುಖ ನಿಜವಾಗಿಯೂ ಅರಳಿತ್ತು. ನನ್ನ ಭುಜ ಮಾತ್ರ ಎತ್ತಲಾಗುತ್ತಿರಲಿಲ್ಲ.

"ಹಂಗಾದ್ರ ನಾಳೆ ಆರು ಸಾವಿರ ಮಾಡು," ಎಂದರು.

ಅನಘಾ ನನ್ನತ್ತ ನೋಡಿದಳು.

ಜೋಳದ ಹಿಟ್ಟು ಮುಗಿದಿದೆ ಎಂದೆ.