ವಾಸುವಿಗೆ ಹೋದ ಬರ್ತ್‌ಡೇ ವಿಶ್

ಮೊನ್ನೆ ಮಧ್ಯಾಹ್ನ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ರಿಂಗಾಯಿತು. ಸ್ಕ್ರೀನ್ ಮೇಲೆ ವಾಸುವಿನ ಹೆಸರು.

ವಾಸು, ನನ್ನ ಶಾಲೆಯ ಬೆಂಚಿನ ಜೊತೆಗಾರ, ತೀರಿಹೋಗಿ ಎಂಟು ತಿಂಗಳಾಯಿತು.

ಸ್ಮಶಾನದ ದಾರಿಯಲ್ಲಿ ಒಬ್ಬನೇ ಹಾಡಿಕೊಂಡು ನಡೆದವನು ನಾನು. ಆದರೂ ಐದಾರು ರಿಂಗ್ ಆದ ಮೇಲೆಯೇ ಎತ್ತಿದ್ದು...

ಮಾತಾಡಿದ್ದು ಅವನ ಹೆಂಡತಿ ಸುಮತಿ. "ಸಂಜೀವಣ್ಣ, ನಿಮ್ಮ ಮೆಸೇಜ್ ಬಂತು. ಇವತ್ತು ಅವರ ಬರ್ತ್‌ಡೇ ಅಂತ ನಿಮಗೊಬ್ಬರಿಗಾದ್ರೂ ನೆನಪುಂಟಲ್ಲ."

ನಾನು ಎಂತ ಮೆಸೇಜ್ ಕಳಿಸಿದ್ದೆ?

ಆಮೇಲೆ ಹೊಳೆಯಿತು. ಕಲಿತದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಾದರೂ ಫೋನಿನ ವಿಷಯದಲ್ಲಿ ನಮ್ಮ ವಾಮಂಜೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಇಂಜಿನಿಯರಿಂಗ್ ಹುಡುಗರೂ ಮನೆಗೆ ಬಂದು ಕೇಳುತ್ತಾರೆ. (ಒಬ್ಬ ಬಂದಿದ್ದ. ಚಾರ್ಜರ್ ಕೇಳಲಿಕ್ಕೆ.)

ಬರ್ತ್‌ಡೇ ವಿಶ್ ತಾನಾಗಿಯೇ ಹೋಗುವ ಆಪ್ ಹಾಕಿದ್ದೇನೆ, ಅದರಲ್ಲಿ ಇನ್ನೂರು ಹೆಸರು. ಟೈಮ್ ಮಧ್ಯಾಹ್ನ ಹನ್ನೆರಡೂವರೆ. ಬೆಳಿಗ್ಗೆ ಕಳಿಸಿದರೆ ಎಲ್ಲರ ವಿಶ್‌ಗಳ ನಡುವೆ ನನ್ನದು ಕಳೆದುಹೋಗುತ್ತದೆ. ಊಟದ ಹೊತ್ತಿಗೆ ನನ್ನದೊಂದೇ ಟಿಂಗ್ ಎನ್ನುತ್ತದೆ. ಅದು ನನ್ನ ತಲೆ.

ವಾಸುವಿನ ಹೆಸರು ತೆಗೆಯಲು ಮರೆತಿದ್ದೆ. ಕೇಕಿನ ಚಿತ್ರದ ಕೆಳಗೆ 'ನೂರು ಕಾಲ ಬಾಳು ಗೆಳೆಯ' ಎಂದು ಹೋಗಿತ್ತು...

ತೀರಿಹೋದವರಿಗೆ ಅವರ ಇಷ್ಟದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದು ಹೊರಗೆ ಕೂರುವ ಕ್ರಮ ನಮ್ಮಲ್ಲಿ ಉಂಟು. ಸುಮತಿ ಅಂದು ಹಾಗೆ ಬಡಿಸಿ, ಎಲೆಯ ಪಕ್ಕ ಅವನ ಫೋನೂ ಇಟ್ಟಿದ್ದಳಂತೆ. ಬಾಗಿಲು ಎಳೆದು ಕೂತದ್ದೇ, ಒಳಗಿನಿಂದ ಟಿಂಗ್.

"ಬಂಗುಡೆ ಮೀನಿನ ಗಸಿ ಉಂಟು. ಊಟಕ್ಕೆ ಬನ್ನಿ" ಎಂದಳು.

ಮನೆ ಕಡೆಯ ಬಸ್ಸು ಬಂತು, ಬಿಟ್ಟೆ. ವಾಸುವಿನ ಮನೆಯಿರುವ ತೊಕ್ಕೊಟ್ಟಿನದ್ದು ಹತ್ತಿದೆ. ನೇತ್ರಾವತಿ ಸೇತುವೆ ದಾಟುವಾಗ ನೆನಪಾಯಿತು, ಅವನ ಉತ್ತರಕ್ರಿಯೆಯ ಊಟ ಮುಗಿಸಿ ಬಂದವನು ಆಮೇಲೆ ಆ ಕಡೆ ತಲೆಯೇ ಹಾಕಿಲ್ಲ.

ನಿಜ ಹೇಳುವುದಾ, ಬೇಡವಾ? ಹೇಳದಿದ್ದರೆ ನಾನು ದೊಡ್ಡ ಜನ. ದೊಡ್ಡ ಜನ ಆಗುವುದು ನನಗೆ ಇಷ್ಟವೂ ಹೌದು.

ಎರಡನೇ ಸಲ ಅನ್ನ ಬಡಿಸಲು ಬಂದಾಗ ಬಾಯಿಬಿಟ್ಟೆ. "ಸುಮತಿ, ಅದು ನಾನು ಕಳಿಸಿದ್ದಲ್ಲ. ಆಪ್ ಕಳಿಸಿದ್ದು. ನನಗೆ ನೆನಪೇ ಇರಲಿಲ್ಲ."

ಸೌಟು ಕೈಯಲ್ಲೇ ಉಳಿಯಿತು. "ಹಾಗಾದ್ರೆ ಯಾರಿಗೂ ನೆನಪಿರ್ಲಿಲ್ಲ" ಎಂದಳು, ಮೆಲ್ಲಗೆ.

ನಾನು ಬಂಗುಡೆಯ ಮುಳ್ಳು ಬಿಡಿಸತೊಡಗಿದೆ.

"ಬಸ್ಸು ಹತ್ತಿ ಬಂದದ್ದಾದ್ರೂ ನೀವಲ್ವಾ? ಅಥವಾ ಅದೂ ಆಪ್?" ಎಂದು ಇನ್ನೊಂದು ಬಂಗುಡೆ ಹಾಕಿದಳು. "ಉಣ್ಣಿ ಮಾರಾಯ್ರೆ. ಅವರಿದ್ದಿದ್ರೆ ಇದಕ್ಕೆ ಒಂದು ವಾರ ನಗ್ತಿದ್ರು."

ಈಗ ದಿನಕ್ಕೊಂದು ಹೆಸರು ಆಪ್‌ನಿಂದ ತೆಗೆಯುತ್ತಿದ್ದೇನೆ. ತೆಗೆಯುವ ಮೊದಲು ಫೋನ್ ಮಾಡಿ ಮಾತಾಡುತ್ತೇನೆ. ಇನ್ನೂ ಇಬ್ಬರು ಹೋಗಿಬಿಟ್ಟಿದ್ದಾರೆ, ನನಗೆ ಗೊತ್ತೇ ಇರಲಿಲ್ಲ...

ನಿಮ್ಮ ಲಿಸ್ಟಿನಲ್ಲಿ ಇರುವವರೆಲ್ಲ ಇದ್ದಾರಾ, ಒಮ್ಮೆ ವಿಚಾರಿಸಿದ್ದೀರಾ?